ಗುಜರಿಗೆ ಹೋದ ಸಾಕ್ಷ್ಯ

ತಿಲಕನಗರದ ನಮ್ಮ ಮನೆಯಲ್ಲಿ ಅಮ್ಮಿ ಹೊಲಿಗೆಯ ಗುಂಡಿ, ದಾರ ಹಾಕಿಡುತ್ತಿದ್ದ ಚಪ್ಪಟೆಯಾದ ತಗಡಿನ ಡಬ್ಬಿಯೊಂದಿತ್ತು. ಅದು ಸಿನಿಮಾ ರೀಲಿನ ಡಬ್ಬಿ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1990ರ ಆಸುಪಾಸಿನಲ್ಲಿ ಗುರಪ್ಪನಪಾಳ್ಯದ ಗುಜರಿ ಅಂಗಡಿಯೊಂದಕ್ಕೆ ಹಳೆಯ ಪ್ರಿಂಟ್‌ಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಡಬ್ಬಿಗೊಂದು ಬೆಲೆ, ರೀಲಿಗೊಂದು ಬೆಲೆ. ಎರಡೂ ತೂಕದ ಲೆಕ್ಕ. ಕಪ್ಪು-ಬಿಳುಪಿನ ರೀಲಾದರೆ ಅದರಲ್ಲಿ ಬೆಳ್ಳಿ ಸಿಗುತ್ತದೆಂದು ಸ್ವಲ್ಪ ಹೆಚ್ಚು ಮರ್ಯಾದೆ. ಅಂಗಡಿಯ ಮುಂದೆ ಬಿದ್ದ ತುಣುಕುಗಳನ್ನು ನಾವು ಹುಡುಗರು ಸೂರ್ಯನಿಗೆ ಹಿಡಿದು ನೋಡುತ್ತಿದ್ದೆವು. ಒಂದರಲ್ಲಿ ಪಿಸ್ತೂಲು ಹಿಡಿದ ಕೈ, ಇನ್ನೊಂದರಲ್ಲಿ ಕುಣಿಯುತ್ತಾ ಅರ್ಧಕ್ಕೆ ನಿಂತ ಹೆಣ್ಣು. ಯಾವ ಚಿತ್ರ, ಯಾರು ನಟಿಸಿದ್ದು ಎಂದು ಕೇಳುವವರಿರಲಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಬನಶಂಕರಿಯಲ್ಲಿ, 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿಯ ನೆಲೆಯಿದೆ. ಜಗತ್ತಿನ ಒಳ್ಳೆಯ ಸಿನಿಮಾ ನೋಡಲು ಈ ಊರಿಗೆ ಕಲಿಸಿದವರಲ್ಲಿ ಅದರದ್ದು ದೊಡ್ಡ ಪಾಲು. ಆ ಋಣ ನಮ್ಮ ಮೇಲೂ ಇದೆ. ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973) ಚಿತ್ರಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸದಾಗಿ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ಹೆಮ್ಮೆಪಟ್ಟವರಲ್ಲಿ ನಾವೂ ಇದ್ದೆವು. ಆದರೆ ಎಪ್ಪತ್ತರ ದಶಕವೆಂದರೆ ಇಷ್ಟೇ ಎಂದು ಚರಿತ್ರೆ ಬರೆಯುವವರ ಜೊತೆ ನಮಗೆ ಜಗಳವಿದೆ.

ಅದೇ ಕಾಲದಲ್ಲಿ ಇನ್ನೊಂದು ಸಿನಿಮಾ ಓಡುತ್ತಿತ್ತು. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ತೆಗೆದು ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಬಾಂಡ್ ಚಿತ್ರಗಳಿಗೆ ಸುರಿದ ಹಣದ ಹತ್ತಿರಕ್ಕೂ ಸುಳಿಯದ ಬಂಡವಾಳದಲ್ಲಿ ಬಾಂಡನನ್ನು ಕನ್ನಡಕ್ಕೆ ತಂದ ಸಾಹಸ ಅದು. 1972ರಲ್ಲಿ ದ್ವಾರಕೀಶ್ ‘ಕುಳ್ಳ ಏಜೆಂಟ್ 000’ ಆಗಿ ಆ ಬಾಂಡನನ್ನೇ ಗೇಲಿ ಮಾಡಿದರು. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಹಾಡು ಇರುವುದು ಆ ಚಿತ್ರದಲ್ಲೇ. ತೆಲುಗಿನಿಂದ ಬಂದ ಕೆ.ಎಸ್.ಆರ್. ದಾಸ್ ‘ಕಳ್ಳ ಕುಳ್ಳ’ (1975), ‘ಕಿಲಾಡಿ ಕಿಟ್ಟು’ (1978) ತೆಗೆದರು.

ಇವೆಲ್ಲ ಬರೀ ಹೊಡೆದಾಟವೇ? ‘ಜೇಡರ ಬಲೆ’ಯ ಕಥೆ, ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರದ ಸುತ್ತ ತಿರುಗುತ್ತದೆ. ಸಾಮಾನ್ಯ ಜನ ಚಿನ್ನದ ಗಟ್ಟಿ ಇಟ್ಟುಕೊಳ್ಳಬಾರದೆಂದ ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದೂ 1968ರಲ್ಲೇ. ಅದಕ್ಕೂ ಮೊದಲು, 1963ರ ನಿಯಮಗಳು ಅಕ್ಕಸಾಲಿಗರ ಕಸುಬಿಗೆ ಪೆಟ್ಟು ಕೊಟ್ಟಿದ್ದವು. ಕಾಯ್ದೆ ರದ್ದಾದದ್ದು 1990ರಲ್ಲಿ. ಅಷ್ಟು ಕಾಲ ಈ ದೇಶದ ಬಡವನ ತಲೆಯಲ್ಲಿ ಚಿನ್ನ, ಕಳ್ಳಮಾಲು, ಕಡಲದಂಡೆ ಏನೇನಾಗಿ ತಿರುಗುತ್ತಿದ್ದವು ಎಂಬುದು ಘನ ಕಾದಂಬರಿಗಳಲ್ಲಿ ಸಿಕ್ಕುವುದು ಕಡಿಮೆ. ನಾಲ್ಕಾಣೆಯ ಕಥೆ ಎಂದು ನಾವು ಮೂಗು ಮುರಿದ ಚಿತ್ರಗಳಲ್ಲಿ ಸಿಗುತ್ತದೆ.

ರಾಜ್‌ಕುಮಾರ್ ಎಂಬ ಹೆಸರಿದ್ದದ್ದರಿಂದ ಸಿ.ಐ.ಡಿ. ಚಿತ್ರಗಳು ಹೇಗೋ ಉಳಿದವು. ಅಂಥ ಹೆಸರಿಲ್ಲದವುಗಳ ಗತಿ? ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಲ್ಲ. ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಇಲ್ಲ. 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದ್ದರೂ ಎಲ್ಲವನ್ನೂ ಅದೊಂದೇ ಕಾಯಲಾರದು. ಬಿಸಿಲು, ತೇವದಲ್ಲಿ ಬಿದ್ದ ರೀಲು ವಿನೆಗರಿನ ವಾಸನೆ ಹೊಡೆಯತೊಡಗಿ, ಸುರುಟಿಕೊಂಡು, ಪಕ್ಕದ ರೀಲನ್ನೂ ಕೆಡಿಸುತ್ತದೆ.

“ಆ ಕಚಡಾ ಹೋದರೆ ಒಳ್ಳೆಯದೇ ಆಯಿತಲ್ಲ ಬೇಟಾ” ಎನ್ನುತ್ತಾರೆ ನಮ್ಮ ಮೊಹಲ್ಲಾದ ಹಿರಿಯರು. ಅಭಿರುಚಿಯ ಹೆಸರಿನಲ್ಲಿ ಸಾಹಿತಿ ಮಿತ್ರರು ಹೇಳುವುದೂ ಅದನ್ನೇ. ಬೇರೆ ಯಾವ ವಿಷಯದಲ್ಲೂ ಒಂದಾಗದ ಈ ಇಬ್ಬರೂ ಇಲ್ಲಿ ಒಂದಾಗಿರುವುದು ವಿಪರ್ಯಾಸ. ಹಿರಿಯರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಕ್ಯಾಬರೆ ಹೆಸರಿನಲ್ಲಿ ಆ ಚಿತ್ರಗಳು ಹೆಣ್ಣನ್ನು ಬಳಸಿಕೊಂಡ ರೀತಿ ಇಂದಿಗೂ ಮುಜುಗರ ತರುತ್ತದೆ. ಜ್ಯೋತಿಲಕ್ಷ್ಮಿ, ಜಯಮಾಲಿನಿ ಸೋದರಿಯರು ದಕ್ಷಿಣದ ಭಾಷೆಗಳಲ್ಲೆಲ್ಲ ಕುಣಿದರು; ಕೆಟ್ಟ ಹೆಸರು ಅವರಿಗೆ, ಗಲ್ಲಾಪೆಟ್ಟಿಗೆ ಬೇರೆಯವರಿಗೆ. ಆದರೆ ರೀಲು ಸುಟ್ಟರೆ ಅವಮಾನ ಸುಡುವುದಿಲ್ಲ, ಅವಮಾನ ಮಾಡಿದವರ ಗುರುತು ಸುಡುತ್ತದೆ. ನಮ್ಮಂಥ ಹೆಸರಿನವರು ಆ ತೆರೆಯ ಮೇಲೆ ಯಾವ ವೇಷದಲ್ಲಿ ಬರುತ್ತಾರೆ, ಎಷ್ಟು ಚಿತ್ರಗಳಲ್ಲಿ ಬರುವುದೇ ಇಲ್ಲ ಎಂದು ಎಣಿಸಿ ಕೇಳಬೇಕಾದರೂ ಚಿತ್ರ ಕೈಯಲ್ಲಿರಬೇಕು. ಉಳಿಸುವುದು ಆರತಿ ಎತ್ತುವುದಕ್ಕಲ್ಲ, ಲೆಕ್ಕ ಕೇಳುವುದಕ್ಕೆ.

ಇನ್ನು ತೆರೆಯ ಹಿಂದಿದ್ದವರು. ಗಾಜು ಒಡೆದು ಬೀಳುತ್ತಿದ್ದ ಫೈಟರ್‌ಗಳು, ಪೋಸ್ಟರ್ ಬರೆದವರು, ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿಯ ಬೆಳಕಿಗೆ ಕಣ್ಣು ಕೊಟ್ಟವರು. ಇವರಲ್ಲಿ ನಮ್ಮ ಗಲ್ಲಿಯ ಚಾಚಾಗಳೂ ಇದ್ದರು. ಎಷ್ಟೋ ಮಂದಿಯ ಹೆಸರು ಟೈಟಲ್ ಕಾರ್ಡಿನಲ್ಲೂ ಇರಲಿಲ್ಲ. ಅವರ ದುಡಿಮೆಗೆ ಉಳಿದಿದ್ದ ಒಂದೇ ರಸೀದಿ ಆ ರೀಲು. ಅದನ್ನು ತೂಕಕ್ಕೆ ಹಾಕಿದವರಲ್ಲಿ ನಮ್ಮವರೇ ಇದ್ದರೆಂಬುದನ್ನು ನಾವು ಮರೆಮಾಚುವುದಿಲ್ಲ. ಹಸಿವಿಗೆ ಗುಜರಿ ಕೊಂಡವನದ್ದು ತಪ್ಪಲ್ಲ, ಅದು ಗುಜರಿಯೆಂದು ತೀರ್ಮಾನಿಸಿದವರದ್ದು ತಪ್ಪು.

ತಿಲಕನಗರದ ಸ್ವಾಗತ್ ಟಾಕೀಸಿನ ಜಾಗದಲ್ಲಿ ಮಾಲ್ ಎದ್ದಿದೆ. ಜಯನಗರ 4ನೇ ಬ್ಲಾಕಿನ ಪುಟ್ಟಣ್ಣ ಚಿತ್ರಮಂದಿರವೂ ಇಲ್ಲ. ಕಟ್ಟಡಗಳು ಹೋದವು, ನೋಡಿದವರು ಹೋಗುತ್ತಿದ್ದಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಲನಚಿತ್ರ ಅಕಾಡೆಮಿ, ಪ್ರಶಸ್ತಿ ಪಡೆದದ್ದು, ಪಡೆಯದ್ದು ಎಂಬ ಭೇದವಿಲ್ಲದೆ ಆ ದಶಕದ ಪ್ರತಿಯೊಂದು ಕನ್ನಡ ಚಿತ್ರದ ನೆಗೆಟಿವ್, ಪ್ರಿಂಟ್, ಪೋಸ್ಟರ್, ಹಾಡಿನ ಪುಸ್ತಕ ಎಲ್ಲಿದೆ, ಎಲ್ಲಿಲ್ಲ ಎಂಬ ಪಟ್ಟಿಯನ್ನು ಜನರ ಮುಂದಿಡಲಿ. ಬದುಕಿರುವ ಫೈಟರ್, ನರ್ತಕಿ, ಆಪರೇಟರ್‌ಗಳ ಮಾತನ್ನು ದಾಖಲಿಸಲಿ. ಸುಚಿತ್ರಾದಂಥ ಸಂಸ್ಥೆಗಳು ಇಂಥ ಚಿತ್ರ ತೋರಿಸಿ, ಬೇಕಾದರೆ ಕಟುವಾಗಿಯೇ, ಚರ್ಚೆ ನಡೆಸಲಿ.

ಓದುಗರಲ್ಲೂ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಅಂಥ ತಗಡಿನ ಡಬ್ಬಿ ಸಿಕ್ಕರೆ ತೊಳೆಯುವ ಮೊದಲು ಅದರ ಮುಚ್ಚಳ ಓದಿ. ನಮ್ಮ ಮನೆಯ ಡಬ್ಬಿಯ ಮೇಲೂ ಒಂದು ಹೆಸರಿತ್ತು. ಅಮ್ಮಿ ಅದನ್ನು ಬೂದಿ ಹಾಕಿ ಚೆನ್ನಾಗಿ ತಿಕ್ಕಿಬಿಟ್ಟಿದ್ದರು.