ವಿದ್ಯುತ್ ಗಾಡಿ ಬರಲಿ, ಊರಿನ ಗ್ಯಾರೇಜೂ ಉಳಿಯಲಿ

ಸಂಪಾದಕರಿಗೆ,



ವಿದ್ಯುತ್ ವಾಹನಗಳ ಬಗ್ಗೆ ಪತ್ರಿಕೆಗಳಲ್ಲಿ ನಡೆಯುತ್ತಿರುವ ಚರ್ಚೆಯನ್ನು ಬಿಡದೆ ಓದುತ್ತಿದ್ದೇನೆ. ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ, ಸಬ್ಸಿಡಿ ಎಷ್ಟು ಸಿಗುತ್ತದೆ, ಹೆದ್ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ ಎಲ್ಲಿದೆ ಎಂಬುದೆಲ್ಲ ಬರುತ್ತಿದೆ. ಆದರೆ ಗಾಡಿ ಕೆಟ್ಟು ನಿಂತಾಗ ಅದನ್ನು ಬಿಚ್ಚಿ ನೋಡುವ ಹಕ್ಕು ಯಾರಿಗಿದೆ ಎಂದು ಯಾರೂ ಕೇಳುತ್ತಿಲ್ಲ. ಸಣ್ಣ ಊರಿನಲ್ಲಿರುವ ನಮಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ.

ಚಾಲಕರಿಲ್ಲದ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ, ಅವು ಬಂದರೆ ಚಾಲಕರ ಹೊಟ್ಟೆಪಾಡು ಹೋಗುತ್ತದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ ಹೇಳಿದರು, 2023ರಲ್ಲೂ ಹೇಳಿದರು. ಆ ಮಾತಿಗೆ ನನ್ನ ಬೆಂಬಲವಿದೆ. ಆದರೆ ಅದೇ ರಸ್ತೆಯ ಬದಿಯಲ್ಲಿ ಪಾನಾ ಹಿಡಿದು ಕೂತಿರುವ ಮೆಕ್ಯಾನಿಕ್‌ನ ಹೊಟ್ಟೆಪಾಡಿನ ಬಗ್ಗೆ ಇಂಥ ಒಂದು ಮಾತು ಯಾವ ಸರ್ಕಾರದ ಬಾಯಿಂದಲೂ ಬಂದಿಲ್ಲ. ಚಾಲಕರಿಲ್ಲದ ಕಾರು ನಮ್ಮ ಕಡೆ ಬರಲು ಇನ್ನೂ ಕಾಲ ಬೇಕು. ಮೆಕ್ಯಾನಿಕ್ ಮುಟ್ಟಲಾಗದ ಗಾಡಿ ಆಗಲೇ ನಮ್ಮ ಮನೆ ಮುಂದೆ ನಿಂತಿದೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯೊಬ್ಬರಿದ್ದಾರೆ. ಹಳ್ಳಿಯಿಂದ ಹಳ್ಳಿಗೆ ಓಡಾಡುವ ಕೆಲಸ. ಪೆಟ್ರೋಲ್ ಖರ್ಚು ತಾಳಲಾರದೆ ಸಾಲ ಮಾಡಿ ಎಲೆಕ್ಟ್ರಿಕ್ ಸ್ಕೂಟರ್ ಕೊಂಡರು. ಒಂದು ಬೆಳಿಗ್ಗೆ ಅದು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. ಬ್ಯಾಟರಿ ತುಂಬಿತ್ತು, ಪರದೆಯಲ್ಲಿ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಮೇಸ್ತ್ರಿ ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿ ಮುಟ್ಟುತ್ತಾ ಹೋದರು. ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟ್ ಕಡಿಯುವ ಪುಟ್ಟ ಸ್ವಿಚ್ಚೊಂದು ಬ್ರೇಕ್ ಹಿಡಿಯಲ್ಲಿರುತ್ತದೆ. ಮಳೆನೀರು ಇಳಿದು ಅದು ಅಂಟಿಕೊಂಡಿತ್ತು. ಬ್ರೇಕ್ ಹಿಡಿದೇ ಇದೆ ಎಂದುಕೊಂಡು ಗಾಡಿ ಸುಮ್ಮನೆ ನಿಂತಿತ್ತು. ಬೇರೆ ಸ್ವಿಚ್ ಹಾಕಿದರು, ಬೆಲೆ ಒಂದು ಊಟಕ್ಕಿಂತ ಕಡಿಮೆ. ಆದರೂ ಕೆಂಪು ದೀಪ ಆರಲಿಲ್ಲ. ಗಾಡಿಯೊಳಗೆ ದಾಖಲಾದ ದೋಷವನ್ನು ಅಳಿಸಲು ಕಂಪನಿಯ ಸಾಫ್ಟ್‌ವೇರ್ ಬೇಕು, ಅದನ್ನು ಹೊರಗಿನವರಿಗೆ ಕೊಡುವುದಿಲ್ಲ. ಕೊನೆಗೆ ಸ್ಕೂಟರನ್ನು ಲಗೇಜ್ ಆಟೊಕ್ಕೆ ಹಗ್ಗ ಹಾಕಿ ಕಟ್ಟಿ ತುಮಕೂರಿಗೆ ಸಾಗಿಸಬೇಕಾಯಿತು. ಅಲ್ಲಿಯ ಸರ್ವಿಸ್ ಸೆಂಟರಿನಲ್ಲಿ ಸಾಲು, ವಾರಗಟ್ಟಲೆ ಕಾಯುವಿಕೆ. ಅಷ್ಟು ದಿನವೂ ಆ ಹೆಣ್ಣುಮಗಳು ಬಸ್ಸಿಗೆ ಕಾದು, ಬಸ್ಸಿಲ್ಲದ ಕಡೆ ನಡೆದರು. ಸಾಲದ ಕಂತು ಮಾತ್ರ ತಪ್ಪದೆ ಕಟ್ಟಿದರು.

ದೋಷ ಹುಡುಕಿದ್ದೂ ಸರಿಪಡಿಸಿದ್ದೂ ಊರಿನ ಮೇಸ್ತ್ರಿ. ಬೀಗದ ಕೈ ಮಾತ್ರ ಕಂಪನಿಯದು. ಗಾಡಿಗೆ ಪೂರ್ತಿ ದುಡ್ಡು ಕೊಟ್ಟವರ ಹತ್ತಿರ ಆ ಕೈ ಏಕಿರಬಾರದು?

ಇದು ಬಿಡಿ ಪ್ರಕರಣವೇನೂ ಅಲ್ಲ. 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ ಒಂದೇ ಒಂದು ವಿದ್ಯುತ್ ಸ್ಕೂಟರ್ ಕಂಪನಿಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಡಬೇಕಾಯಿತು. ಅವುಗಳಲ್ಲಿ ಉಳಿದ ಯಾವ ಬಗೆಯ ದೂರಿಗಿಂತ ಹೆಚ್ಚಿದ್ದದ್ದು ಸರ್ವಿಸ್ ತಡವಾಗುತ್ತದೆ ಎಂಬ ದೂರು. ಲಕ್ಷಾಂತರ ಗಾಡಿ ಮಾರಿ, ರಿಪೇರಿಯನ್ನು ತನ್ನ ಕೇಂದ್ರಗಳಿಗೇ ಕಟ್ಟಿಹಾಕಿದರೆ ಇನ್ನೇನಾದೀತು?

ಪೆಟ್ರೋಲ್ ಕಾರುಗಳ ಕಾಲದಲ್ಲೇ ಈ ಜಗಳ ಒಮ್ಮೆ ನಡೆದಿದೆ. ಒಬ್ಬ ಗ್ರಾಹಕರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ತನಿಖೆ ನಡೆಸಿತು. ಬಿಡಿಭಾಗಗಳನ್ನೂ ದೋಷ ಪತ್ತೆ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿವೆ ಎಂದು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಮಾತು. ಆದರೆ ರಿಪೇರಿಯನ್ನು ಕಟ್ಟಿಹಾಕುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂಬುದನ್ನು ಈ ದೇಶದ ಒಂದು ಶಾಸನಬದ್ಧ ಸಂಸ್ಥೆ ಅಂದೇ ಬರೆದಿಟ್ಟಿತು. ಆಗ ಬಚ್ಚಿಡುತ್ತಿದ್ದದ್ದು ಬಿಡಿಭಾಗ, ಈಗ ಬಚ್ಚಿಡುತ್ತಿರುವುದು ಸಾಫ್ಟ್‌ವೇರ್.

ವಿದ್ಯುತ್ ಗಾಡಿಗಳ ವಿಷಯದಲ್ಲಿ ಕಾನೂನಿನ ಒಂದು ಕಂಡಿ ನಮ್ಮಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಓಬಿಡಿ ಎಂಬ ಸಾಕೆಟ್ ಇರುತ್ತದೆ. ಯಾವ ಮೆಕ್ಯಾನಿಕ್ ಬೇಕಾದರೂ ಅಲ್ಲಿಗೆ ಸ್ಕ್ಯಾನರ್ ಚುಚ್ಚಿ ಎಂಜಿನ್ನಿನ ದೋಷ ಓದಬಹುದು. ಈ ಸೌಲಭ್ಯ ಕಂಪನಿಗಳ ಔದಾರ್ಯದಿಂದ ಬಂದದ್ದಲ್ಲ, ಹೊಗೆ ನಿಯಂತ್ರಣದ ನಿಯಮಗಳು ಹೇರಿದ್ದು. ವಿದ್ಯುತ್ ಗಾಡಿಗೆ ಹೊಗೆಯೇ ಇಲ್ಲವಾದ್ದರಿಂದ ಆ ನಿಯಮದ ಹಿಡಿತವೂ ಇಲ್ಲ. ಕ್ಯಾಲಿಫೋರ್ನಿಯಾ ಈ ಕಂಡಿಯನ್ನು ಗುರುತಿಸಿ 2026ರ ಮಾದರಿಯಿಂದ ವಿದ್ಯುತ್ ಕಾರುಗಳಲ್ಲೂ ಎಲ್ಲರೂ ಓದಬಲ್ಲ ಒಂದೇ ಬಗೆಯ ಮಾಹಿತಿ ಇರಬೇಕೆಂದು ನಿಯಮ ಮಾಡಿತು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದ ಪ್ರಕಾರ, ವಿದ್ಯುತ್ ಸೈಕಲ್ಲು ಮತ್ತು ಹಗುರ ಸ್ಕೂಟರುಗಳ ಬ್ಯಾಟರಿಯನ್ನು 2027ರ ಫೆಬ್ರವರಿಯಿಂದ ಹೊರಗಿನ ನುರಿತ ಕೆಲಸಗಾರರೂ ಬಿಚ್ಚಿ ಬದಲಿಸುವಂತಿರಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ಲಿನಲ್ಲಿ ಕಂಪನಿಯ ಫೋನ್ ನಂಬರ್ ಸಿಕ್ಕರೆ ನಮ್ಮ ಮೇಸ್ತ್ರಿಗೆ ಏನು ಬಂತು? ಕಾನೂನಿನ ಬಲವಿಲ್ಲದ ಹಕ್ಕನ್ನು ಹಿಡಿದು ಆತ ಯಾರ ಬಾಗಿಲು ತಟ್ಟಬೇಕು?

ಕಂಪನಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಜಗತ್ತು ಕಂಡಿದೆ. ಅಮೆರಿಕದ ಫಿಸ್ಕರ್ ಕಂಪನಿ 2024ರ ಜೂನ್‌ನಲ್ಲಿ ದಿವಾಳಿಯೆದ್ದಾಗ, ಸಾವಿರಾರು ಮಾಲೀಕರು ಬಿಡಿಭಾಗಕ್ಕೂ ಸಾಫ್ಟ್‌ವೇರಿಗೂ ದಿಕ್ಕಿಲ್ಲದೆ ತಾವೇ ಸಂಘ ಕಟ್ಟಿಕೊಳ್ಳಬೇಕಾಯಿತು. ಹಿಂದೆ ಹೀಗಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ವೇಗ ಕಡಿಮೆ, ದೂರವೂ ಕಡಿಮೆ, ಒಪ್ಪುತ್ತೇನೆ. ಆದರೆ ಅದರೊಳಗೆ ಏನಿದೆ ಎಂಬುದು ಬ್ಯಾಟರಿ ಅಂಗಡಿಯವನಿಗೂ ಅರ್ಥವಾಗುತ್ತಿತ್ತು.

ಸ್ವಯಂಚಾಲನೆಯತ್ತ ಹೋದಷ್ಟೂ ಈ ಬೀಗ ಬಿಗಿಯಾಗುತ್ತದೆ. ಈಗಿನ ಮಧ್ಯಮ ದರದ ಕಾರುಗಳಲ್ಲೂ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರೇಡಾರ್ ಬಂದಿವೆ. ಗಾಜು ಬದಲಿಸಿದರೆ ಕ್ಯಾಮೆರಾದ ದೃಷ್ಟಿಯನ್ನು ಮತ್ತೆ ಹೊಂದಿಸಬೇಕು. ಅದು ಕೂದಲೆಳೆಯಷ್ಟು ತಪ್ಪಿದರೂ ಕಾರು ತಾನಾಗಿ ಬ್ರೇಕ್ ಹಾಕಬೇಕಾದಲ್ಲಿ ಹಾಕದಿರಬಹುದು. ಆ ಕೆಲಸದ ವಿಧಾನ ಹೊರಗಿನವರಿಗೆ ಗೊತ್ತಾಗದಂತೆ ಇಟ್ಟರೆ, ಅರೆಬರೆ ರಿಪೇರಿಯಾದ ಕಾರುಗಳೇ ನಮ್ಮ ಹೆದ್ದಾರಿಯಲ್ಲಿ ಓಡುತ್ತವೆ.

ಸುರಕ್ಷತೆಯ ಕಾರಣಕ್ಕೇ ಹೊರಗಿನವರಿಗೆ ಬಿಚ್ಚಲು ಬಿಡುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುವುದು ನಿಜ. ಅಂಥ ಕೆಲಸಕ್ಕೆ ತರಬೇತಿ, ಪ್ರಮಾಣಪತ್ರ ಕಡ್ಡಾಯ ಮಾಡಲಿ, ಬೇಡವೆಂದವರು ಯಾರು? ಆದರೆ 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಸಾಲಾಗಿ ಹೊತ್ತಿ ಉರಿದಾಗ ಸರ್ಕಾರ ನೇಮಿಸಿದ ತಜ್ಞರು ಬೊಟ್ಟು ಮಾಡಿದ್ದು ಬ್ಯಾಟರಿಯ ವಿನ್ಯಾಸ, ತಯಾರಿಕೆಗಳ ಕಡೆಗೆ. ಆ ಮೇಲೆ ಬಿಗಿಯಾದದ್ದೂ ಕಂಪನಿಗಳು ಪಾಲಿಸಬೇಕಾದ ಮಾನದಂಡಗಳೇ.

ತರಬೇತಿಗೆ ಜಾಗವೂ ಸಿದ್ಧವಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸಾವಿರಾರು ಕೋಟಿ ಖರ್ಚಿನಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಪ್ರಧಾನಿಯವರಿಂದಲೇ ಉದ್ಘಾಟನೆ ಮಾಡಿಸಲಾಯಿತು. ವಿದ್ಯುತ್ ವಾಹನದ ತಾಂತ್ರಿಕತೆ ಕಲಿಸುವುದೂ ಅಲ್ಲಿಯ ಉದ್ದೇಶಗಳಲ್ಲೊಂದು. ಆ ಹುಡುಗ ಹುಡುಗಿಯರು ಕಲಿತು ಹೊರಬಂದರೆ ತಮ್ಮೂರಿನಲ್ಲೇ ಒಂದು ಶೆಡ್ ಹಾಕಿ ಬದುಕಲು ಸಾಧ್ಯವೇ? ಕೈಪಿಡಿ ಸಿಗದು, ಬಿಡಿಭಾಗ ಸಿಗದು, ಸಾಫ್ಟ್‌ವೇರ್ ಸಿಗದು. ಕಂಪನಿಯ ಸರ್ವಿಸ್ ಸೆಂಟರಿನ ಗುತ್ತಿಗೆ ನೌಕರಿಯೊಂದೇ ಅವರ ಮುಂದಿರುವ ದಾರಿ.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಇಲ್ಲಿ ರಿಯಾಯಿತಿ, ಜಮೀನು, ತೆರಿಗೆ ವಿನಾಯಿತಿ ಪಡೆಯುವ ಪ್ರತಿ ಕಂಪನಿಯೂ ರಿಪೇರಿ ಕೈಪಿಡಿ, ಬಿಡಿಭಾಗ ಮತ್ತು ದೋಷ ಪತ್ತೆ ಸಾಫ್ಟ್‌ವೇರನ್ನು ತರಬೇತಿ ಪಡೆದ ಯಾವ ಮೆಕ್ಯಾನಿಕ್‌ಗಾದರೂ ನ್ಯಾಯವಾದ ಬೆಲೆಗೆ ಕೊಡಬೇಕೆಂದು ರಾಜ್ಯ ಸರ್ಕಾರ ಷರತ್ತು ಹಾಕಲಿ. ಇನ್ನು 10,900 ಕೋಟಿ ರೂಪಾಯಿಯ ಪಿಎಂ ಇ-ಡ್ರೈವ್ ಯೋಜನೆ ಇರುವುದು ಕೇಂದ್ರದ ಭಾರಿ ಕೈಗಾರಿಕೆ ಸಚಿವಾಲಯದ ಕೈಯಲ್ಲಿ. ಅದರ ಸಚಿವರು ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿಯವರು. ಇದೇ ಷರತ್ತನ್ನು ಕೇಂದ್ರದ ಸಬ್ಸಿಡಿಗೂ ಸೇರಿಸುವರೇ ಎಂಬುದಕ್ಕೆ ಅವರು ಈ ಪತ್ರಿಕೆಯ ಮೂಲಕವೇ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ಓದುಗ, ತಿಪಟೂರು