ಉಚಿತ ಬೆಳಕಿನ ಬೆಲೆ

ಅಕ್ಕಿ, ಬೇಳೆ, ಎಣ್ಣೆಗಳ ಲೆಕ್ಕವನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ವಿದ್ಯುತ್ತಾದರೋ ಕಣ್ಣಿಗೆ ಕಾಣದ ವಸ್ತು. ಅದರ ಲೆಕ್ಕವನ್ನಿಡುವ ಮನೆಗಳು ವಿರಳ. 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದ ಮೇಲಂತೂ ಬಿಲ್ಲಿನ ಚಿಂತೆಯೂ ಹಲವರಿಗೆ ಇಲ್ಲವಾಯಿತು. ಬಡವರ ಹೊರೆ ಇಳಿದುದು ಸಂತೋಷವೇ ಸರಿ. ಆದರೆ ಉಚಿತವಾಗಿ ದೊರೆತುದನ್ನು ಬೆಲೆಯಿಲ್ಲದ್ದೆಂದು ಬಗೆಯುವುದು ವಿವೇಕವಲ್ಲ. ನಾವು ಕೊಡದ ಹಣವನ್ನು ಸರ್ಕಾರದ ಬೊಕ್ಕಸವು ಕೊಡುತ್ತದೆ. ಆ ಬೊಕ್ಕಸವನ್ನು ತುಂಬುವುದು ಎಲ್ಲರ ತೆರಿಗೆ. ರಾಯಚೂರಿನ ಶಕ್ತಿನಗರದಂತಹ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಬೂದಿಯಾದ ಮೇಲೆಯೇ ಈ ವಿದ್ಯುತ್ತಿನ ಒಂದು ಪಾಲು ನಮ್ಮ ಮನೆಗೆ ಬರುವುದೆಂಬುದನ್ನೂ ಮರೆಯಲಾಗದು.

ಲೆಕ್ಕವು ಕಠಿಣವೇನಲ್ಲ. 1000 ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ 1 ಯೂನಿಟ್ ವ್ಯಯವಾಗುತ್ತದೆ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕನ್ನೀಯುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ ಕೂಡ ಬೇಕಾಗದು. ಹಳೆಯ ಬಲ್ಬಿನಲ್ಲಿ ವಿದ್ಯುತ್ತಿನ ಬಹುಭಾಗವು ಬೆಳಕಾಗದೆ ಬರಿಯ ಶಾಖವಾಗಿ ಹೋಗುವುದೇ ಇದಕ್ಕೆ ಕಾರಣ.

ದೀಪ ಬದಲಿಸಿದೊಡನೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. 75 ವ್ಯಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ ಸಾಕು. 2000 ವ್ಯಾಟಿನ ಗೀಸರ್ ನಿತ್ಯ ಅರ್ಧ ಗಂಟೆ ಕಾದರೂ ತಿಂಗಳಿಗೆ 30 ಯೂನಿಟ್. ಸ್ನಾನಕ್ಕೆ ಮುನ್ನ ಹಾಕಿ, ನೀರು ಕಾದೊಡನೆ ಆರಿಸುವುದು ಲೇಸು. ಅನುಕೂಲವಿದ್ದವರು ಸೌರ ಹೀಟರನ್ನು ಅಳವಡಿಸಿಕೊಳ್ಳಲಿ. ಫ್ರಿಜ್ ಕೊಳ್ಳುವಾಗ ಬಣ್ಣವನ್ನಲ್ಲ, ಅದರ ಮೇಲಿನ ನಕ್ಷತ್ರಗಳನ್ನೂ ವಾರ್ಷಿಕ ಯೂನಿಟ್ಟುಗಳನ್ನೂ ನೋಡಿರಿ. ಬೆಲೆ ತುಸು ಹೆಚ್ಚಾದರೂ ಅದು ನಿತ್ಯ ದುಡಿಯುವ ಯಂತ್ರ. ವರ್ಷಗಳ ಉಳಿತಾಯವು ದೊಡ್ಡದು.

ಗೃಹಜ್ಯೋತಿಯ ಫಲಾನುಭವಿಗಳಿಗೂ ಇದು ಅಗತ್ಯ. ಮನೆಗೆ ಗೊತ್ತುಪಡಿಸಿದ ಮಿತಿಯನ್ನು ಮೀರಿದಷ್ಟಕ್ಕೆ ಹಣ ತೆರಬೇಕು. ಬಳಕೆಯು 200 ಯೂನಿಟ್ ದಾಟಿದರಂತೂ ಪೂರ್ಣ ಬಿಲ್ಲೇ ಬರುತ್ತದೆ. ಒಂದು ಹಳೆಯ ಫ್ಯಾನೇ ಆ ಗಡಿಯನ್ನು ದಾಟಿಸಬಲ್ಲದು.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿಯಿಷ್ಟೆ: ರಜೆಯ ದಿನ ಮಕ್ಕಳನ್ನು ಜೊತೆಗೆ ಕುಳ್ಳಿರಿಸಿಕೊಂಡು ಮನೆಯ ಪ್ರತಿಯೊಂದು ಉಪಕರಣದ ವ್ಯಾಟನ್ನೂ ನಡೆಯುವ ಗಂಟೆಗಳನ್ನೂ ಬರೆಯಿಸಿರಿ. ತಿಂಗಳ ಮೊದಲ ದಿನ ಮೀಟರಿನ ಅಂಕಿಯನ್ನು ಗುರುತು ಮಾಡಿಡಿರಿ. ಬರಿದಾದ ಕೋಣೆಯ ದೀಪವನ್ನು ಹೇಳಿಸಿಕೊಳ್ಳದೆ ಆರಿಸುವ ಮಗು ಮುಂದೆ ಯಾವ ವಸ್ತುವನ್ನೂ ಪೋಲುಮಾಡಲಾರದು.