ಅಲೆಯ ಬೆಲೆ ತೆರುವವರು ಯಾರು?

ಕೊಲ್ಲಿ ದೇಶದಲ್ಲಿ ನೌಕರಿಯಲ್ಲಿರುವ ನನ್ನ ಸೋದರಳಿಯ ರಜೆಗೆಂದು ಮಣಿಪಾಲಕ್ಕೆ ಬಂದಿದ್ದಾಗ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದ: 'ಮಾವ, ಇಲ್ಲಿ ಒಂದು ಸ್ಕೀ ಬೋಟ್ ಇಟ್ಟುಕೊಳ್ಳಬೇಕಾದರೆ ಯಾರ ಅನುಮತಿ ತೆಗೆದುಕೊಳ್ಳಬೇಕು?' ವೃತ್ತಿಯುದ್ದಕ್ಕೂ ಅನುಮತಿ ಕೊಡುವ ಮತ್ತು ನಿರಾಕರಿಸುವ ಕಡತಗಳ ನಡುವೆಯೇ ಕಳೆದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಳಿಯಸಂತಾನದ ಸೀಮೆಯಲ್ಲಿ ಅಳಿಯನ ಪ್ರಶ್ನೆಯನ್ನು ಹಾಗೆಯೇ ತೇಲಿಸಿಬಿಡುವಂತಿಲ್ಲ. ಹೀಗಾಗಿ ಆ ರಜೆಯ ಕೆಲವು ಬೆಳಗುಗಳನ್ನು ನಾವಿಬ್ಬರೂ ನೀರು ಹುಡುಕುವುದರಲ್ಲಿ ಕಳೆದೆವು. ಹುಡುಕಾಟ ಮುಗಿಯುವಷ್ಟರಲ್ಲಿ ನನಗೆ ಅವನ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯೊಂದು ಎದುರಾಗಿತ್ತು.

ವಾಟರ್ ಸ್ಕೀಯಿಂಗ್ ಹೊಸ ಆಟವೇನಲ್ಲ. 1922ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟರ ಯುವಕ ಮೊದಲು ಪೀಪಾಯಿಯ ಹಲಗೆ, ಆಮೇಲೆ ಹಿಮದ ಸ್ಕೀ, ಕಡೆಗೆ ತುದಿ ಬಾಗಿಸಿದ ಮರದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಕಿಟಕಿಯ ಹಗ್ಗ ಹಿಡಿದು, ದೋಣಿಯ ಹಿಂದೆ ನೀರಿನ ಮೇಲೆ ನಿಂತೇಬಿಟ್ಟ. ಐವತ್ತು ವರ್ಷಗಳ ನಂತರ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡಿತು. ಇಂದು ಸ್ಪರ್ಧೆಯ ಸ್ಲಾಲಂ ಪಥದ ಉದ್ದ 259 ಮೀಟರ್. ಪುರುಷರ ವಿಭಾಗದಲ್ಲಿ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್. ವೇಗ ಹಿಡಿಯಲು ಮತ್ತು ತಿರುಗಲು ಬೇಕಾದ ಜಾಗ ಸೇರಿಸಿದರೆ ನೇರವಾದ, ನಿಶ್ಚಲವಾದ, ಅರ್ಧ ಕಿಲೋಮೀಟರಿಗೂ ಮಿಕ್ಕಿದ ನೀರು ಬೇಕು. ಕನ್ನಡಿಯಂಥ ನೀರು ಎನ್ನುತ್ತಾರಲ್ಲ, ಅಂಥದ್ದು.

ದೋಣಿಯ ಲೆಕ್ಕವನ್ನು ನಾನು ಮೊದಲು ಹಾಕಿದೆ; ಅರ್ಥಶಾಸ್ತ್ರ ಓದಿದವನ ಚಟ. ಅಮೆರಿಕದಲ್ಲಿ ಹೊಸ ಸ್ಕೀ ಬೋಟಿನ ಬೆಲೆ ಲಕ್ಷ ಡಾಲರ್ ದಾಟುತ್ತದೆ. ಅದರ ಎಂಜಿನ್ 300 ಅಶ್ವಶಕ್ತಿಗಿಂತ ಕಡಿಮೆಯದಲ್ಲ. ಭಾರತಕ್ಕೆ ತಂದರೆ ಆಮದು ಸುಂಕದ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವಿಲಾಸದ ಮತ್ತು ಕ್ರೀಡೆಯ ದೋಣಿಗಳಿಗೆ ಅದು ಶೇ. 40. ಮೀನುಗಾರಿಕಾ ದೋಣಿಗೆ ಇರುವುದು ಶೇ. 5. ಬಡವರ ದೋಣಿಗೂ ಉಳ್ಳವರ ದೋಣಿಗೂ ಸರ್ಕಾರ ಕಂಡಿರುವ ವ್ಯತ್ಯಾಸ ಇದು. ಅದರ ಬಗ್ಗೆ ನನ್ನ ತಕರಾರಿಲ್ಲ. ಎಳೆಯುವಾಗ ಗಂಟೆಗೆ ಹದಿನೈದು ಇಪ್ಪತ್ತು ಲೀಟರ್ ಪೆಟ್ರೋಲ್ ಬೇಕು, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ.

ಇಷ್ಟೆಲ್ಲ ವೆಚ್ಚ ಎಷ್ಟು ದಿನದ ಸುಖಕ್ಕೆ? ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಲ್ಪೆಯಲ್ಲಿ ಜಲಕ್ರೀಡೆ ನಿಲ್ಲುತ್ತದೆ, ಹೊಳೆಗಳಲ್ಲಿ ಕೆಂಪು ನೀರು ತುಂಬಿ ಹರಿಯುತ್ತದೆ. ಉಳಿದ ಎಂಟು ತಿಂಗಳಲ್ಲಿಯೂ ಮಧ್ಯಾಹ್ನವಾಗುತ್ತಲೇ ಪಡುವಣ ಗಾಳಿ ಏಳುವುದರಿಂದ ಸಿಗುವುದು ಬೆಳಗಿನ ಕೆಲವು ಗಂಟೆ ಮಾತ್ರ. ನಮ್ಮ ಅಳಿಯನಿಗೆ ವರ್ಷಕ್ಕೆ ಒಂದು ತಿಂಗಳು ರಜೆ. ಅದರಲ್ಲಿ ಮದುವೆ, ಗೃಹಪ್ರವೇಶ, ಊರಿನ ನೇಮ, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು ಇವನ್ನು ಕಳೆದರೆ ಹತ್ತು ಬೆಳಗು ಉಳಿದರೆ ಪುಣ್ಯ. 'ಹತ್ತು ಬೆಳಗಿಗೆ ಒಂದೂವರೆ ಕೋಟಿಯೇನೋ?' ಎಂದೆ. 'ಸೆಕೆಂಡ್ ಹ್ಯಾಂಡ್ ನೋಡ್ತಿದ್ದೇನೆ ಮಾವ' ಎಂದ. ಸ್ವಂತ ದುಡಿಮೆಯ ಹಣ, ಅವನ ಇಷ್ಟ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ನೀರು. ಮನೆಗೆ ಹತ್ತಿರದ್ದು ಮಣಿಪಾಲದ ಮಣ್ಣಪಳ್ಳ. ಅದು ವಾಯುವಿಹಾರಿಗಳ ಕೆರೆ. ವೇಗದ ದೋಣಿಯ ಓಟಕ್ಕೆ ಅದರ ವಿಸ್ತಾರ ಸಾಲದು. ಕಾರ್ಕಳದ ಆನೆಕೆರೆ ನೋಡಲು ಚೆನ್ನ. ಆದರೆ ಅದರ ನಡುವೆ ಕೆರೆಬಸದಿಯಿದೆ. ಬಸದಿಯ ಸುತ್ತ 300 ಅಶ್ವಶಕ್ತಿಯ ಎಂಜಿನ್ ಮೊರೆಯುವುದನ್ನು ಕಲ್ಪಿಸಿಕೊಂಡು ಅಳಿಯನೇ ತಲೆಯಾಡಿಸಿದ. ಸ್ವರ್ಣೆಗೆ ಅಡ್ಡಲಾಗಿ ಕಟ್ಟಿರುವ ಬಜೆ ಅಣೆಕಟ್ಟಿನ ಹಿನ್ನೀರು ಶಾಂತವಾಗಿದೆ, ನಿಜ. ಉಡುಪಿ ಮತ್ತು ಮಣಿಪಾಲ ಕುಡಿಯುವುದು ಅದೇ ನೀರನ್ನು. 2019ರ ಬೇಸಿಗೆಯಲ್ಲಿ ಅದು ತಳಕಂಡಾಗ ಪಟ್ಟ ಪಾಡು ಇಲ್ಲಿನ ಯಾವ ಗೃಹಿಣಿಗೂ ಮರೆತಿಲ್ಲ. ಅದರಲ್ಲಿ ಪೆಟ್ರೋಲ್ ದೋಣಿ ಓಡಿಸುವ ಪ್ರಸ್ತಾಪವನ್ನು ಯಾವ ಅಧಿಕಾರಿಯೂ ಕಡತಕ್ಕೆ ಸೇರಿಸಲಾರ, ಸೇರಿಸಲೂಬಾರದು.

ಕಾಪುವಿನಲ್ಲಿ ಸಮುದ್ರವೇ ಇದೆಯಲ್ಲ ಎನ್ನಬಹುದು. 1901ರಲ್ಲಿ ಅಲ್ಲಿ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದ್ದು ಅಲಂಕಾರಕ್ಕಲ್ಲ. ಕಡಲಿನವರಿಗೆ ಆ ಕರೆಯ ಬಂಡೆಗಳ ಗುಣ ಗೊತ್ತಿತ್ತು. ಅದೇ ತಾಲ್ಲೂಕಿನ ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಸ್ನಾನ ಮಾಡುವವರ ನೀರು ಬೇರೆ, ದೋಣಿಗಳ ನೀರು ಬೇರೆ ಇರಬೇಕೆಂಬುದು ಅಂಥ ಮಾನ್ಯತೆಯ ಹಿಂದಿನ ತತ್ತ್ವಗಳಲ್ಲೊಂದು. ಅಲ್ಲದೆ ತೆರೆಯೇಳುವ ಕಡಲು ಜೆಟ್ ಸ್ಕೀಗೆ ಸರಿ, ಪ್ಯಾರಾಸೇಲಿಂಗಿಗೂ ಸರಿ, ಎರಡು ಹಲಗೆಯ ಮೇಲೆ ನಿಲ್ಲುವವನಿಗೆ ಸರಿಯಲ್ಲ. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ತೇಲುಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಕಳಚಿಕೊಂಡದ್ದು ನೆನಪಿರಬಹುದು.

ಕೊನೆಗೆ ಸಿಕ್ಕಿತು ನೀರು. ಉದ್ಯಾವರದ ಹೊಳೆ ಕಡಲಿಗೆ ಬಹಳ ಹತ್ತಿರ ಬಂದು, ಆದರೂ ಕಡಲನ್ನು ಸೇರದೆ, ಪಡುಕೆರೆಯ ಮರಳುಪಟ್ಟಿಯ ಬೆನ್ನಿಗೆ ಸಮಾನಾಂತರವಾಗಿ ಮಲ್ಪೆಯ ಕಡೆಗೆ ಹರಿಯುತ್ತದೆ. ಬೆಳಗಿನ ಹೊತ್ತು ತೆಂಗಿನ ಸಾಲಿನ ನೆರಳು ಅಲುಗದೆ ಬಿದ್ದಿರುವ, ಉದ್ದನೆಯ, ನೇರವಾದ ನೀರು. ಅಳಿಯ ಕಾರಿನಿಂದಿಳಿದು ಸುಮ್ಮನೆ ನಿಂತುಬಿಟ್ಟ. 'ಇದಕ್ಕಾಗಿ ಅಲ್ಲಿನವರು ಕೃತಕ ಸರೋವರ ತೋಡುತ್ತಾರೆ ಮಾವ' ಎಂದ.

ಆದರೆ ಆ ಹೊಳೆಯ ದಂಡೆಯಲ್ಲಿ ಮಟ್ಟು ಇದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳ ಬೆಳೆಯುವ ಊರು. ವಾದಿರಾಜರು ಕೊಟ್ಟ ಬೀಜವೆಂಬ ನಂಬಿಕೆಯೊಡನೆ ಉಡುಪಿಯ ಕೃಷ್ಣಮಠದ ಪಾಕಶಾಲೆಗೆ ಮೊದಲ ಬೆಳೆ ಸಲ್ಲಿಸುವ ಊರು. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಗಳಲ್ಲಿ ಗುಳ್ಳ ನೆಡುತ್ತಾರೆ. ಗದ್ದೆಗೂ ಉಪ್ಪುನೀರಿಗೂ ನಡುವೆ ಇರುವುದು ದಂಡೆ ಮಾತ್ರ. ಭರತದ ಹೊತ್ತು ದಂಡೆ ಒಂದು ಕಡೆ ಬಿಟ್ಟುಕೊಂಡಿತೆಂದರೆ ಒಳಗಿನ ಗದ್ದೆಗೆ ಉಪ್ಪು ಏರುತ್ತದೆ, ಆ ವರ್ಷದ ಗುಳ್ಳ ಅಲ್ಲಿಗೆ ಮುಗಿಯಿತು. ಸ್ಕೀ ದೋಣಿಯ ಋತುವೂ ಗುಳ್ಳದ ಋತುವೂ ಒಂದೇ ಎಂಬುದನ್ನು ಗಮನಿಸಬೇಕು.

ದೋಣಿಯ ಅಲೆ ದಂಡೆಗೆ ಅಷ್ಟು ಕೆಡುಕೇ? ಇಲ್ಲಿ ಒಂದು ಸೂಕ್ಷ್ಮವಿದೆ. ಚಪ್ಪಟೆ ತಳದ ಸ್ಕೀ ಬೋಟ್ ಪೂರ್ಣ ವೇಗದಲ್ಲಿ ನೀರಿನ ಮೇಲೆ ಜಾರುವಾಗ ಹಿಂದೆ ಏಳುವ ಅಲೆ ಸಣ್ಣದು. ಆಟಗಾರನಿಗೆ ಬೇಕಾದದ್ದೂ ಅದೇ. ದೊಡ್ಡ ಅಲೆ ಏಳುವುದು ದೋಣಿ ಮೂತಿಯೆತ್ತಿ ವೇಗ ಹಿಡಿಯುವ ಆ ಮಧ್ಯದ ಗಳಿಗೆಯಲ್ಲಿ. ಆಟಗಾರ ಬಿದ್ದಾಗಲೆಲ್ಲ ದೋಣಿ ನಿಧಾನಿಸಿ, ತಿರುಗಿ ಬಂದು, ಮತ್ತೆ ಮೂತಿಯೆತ್ತಬೇಕು. ಕಲಿಯುವವನು ಒಂದು ಬೆಳಿಗ್ಗೆ ಎಷ್ಟು ಸಲ ಬೀಳುವುದಿಲ್ಲ! ಆದ್ದರಿಂದ ಪಳಗಿದವರಿಗಿಂತ ಹೊಸಬರು ಮಾಡುವ ಅಲೆಯೇ ಹೆಚ್ಚು. ನಮ್ಮಲ್ಲಿ ಆಟ ಶುರುವಾದರೆ ಎಲ್ಲರೂ ಹೊಸಬರೇ. ವೇಕ್‌ಬೋರ್ಡ್ ಎಂಬ ಇದರ ತಮ್ಮನ ಕಥೆ ಇನ್ನೂ ಬೇರೆ: ಅಲೆ ದೊಡ್ಡದಾಗಲೆಂದೇ ಆ ದೋಣಿಯ ತೊಟ್ಟಿಗಳಲ್ಲಿ ನೀರು ತುಂಬಿ ಭಾರ ಹೇರುತ್ತಾರೆ. ಅಲೆಯ ಎತ್ತರ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಮಡಿಯಾಗುತ್ತದೆ. ಅಗಲದ ಸರೋವರದಲ್ಲಿ ಅದು ಹೋಗುತ್ತ ಹೋಗುತ್ತ ಸೋಲುತ್ತದೆ. ಇಕ್ಕಟ್ಟಾದ ಹೊಳೆಯಲ್ಲಿ ಅದು ಸೋಲುವ ಮೊದಲೇ ದಂಡೆ ಸಿಗುತ್ತದೆ.

ದಂಡೆಯಷ್ಟೇ ಅಲ್ಲ. ಇಳಿತದ ಹೊತ್ತು ಇಂಥ ಅಳಿವೆಯ ಹೊಳೆಗಳಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವ ಹೆಂಗಸರಿದ್ದಾರೆ. ಪುಟ್ಟ ದೋಣಿಯ ಮೂತಿಯಲ್ಲಿ ನಿಂತು ಬೀಸುಬಲೆ ಎಸೆಯುವವರಿದ್ದಾರೆ. ಅವರಿಗೂ ಬೇಕಾದದ್ದು ಅದೇ ಗಾಳಿಯಿಲ್ಲದ ಬೆಳಗು, ಅದೇ ಕದಡದ ನೀರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕಾ ನಿಷೇಧದ ಕಾಲದಲ್ಲಿ ನಾಡದೋಣಿಗಳಿಗೆ ವಿನಾಯಿತಿ ಉಂಟು. ಅದೂ ಎಂಜಿನ್ 10 ಅಶ್ವಶಕ್ತಿಯ ಒಳಗಿದ್ದರೆ. ಹತ್ತು ಅಶ್ವಶಕ್ತಿಯ ಗೆರೆಯನ್ನು ಪಾಲಿಸುತ್ತ ಬಂದವರ ಮುಂದೆ ಮುನ್ನೂರು ಅಶ್ವಶಕ್ತಿ ಬಂದು ನಿಂತಾಗ ಅವರು ಏನೆಂದುಕೊಳ್ಳಬಹುದು?

ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ ಪೀಗೂ ಇಂಥದ್ದನ್ನೇ ಕುರಿತು ಬರೆದಿದ್ದರು: ಒಬ್ಬನ ಸುಖದ ವೆಚ್ಚದಲ್ಲಿ ಒಂದು ಪಾಲು ಅವನ ಲೆಕ್ಕಪುಸ್ತಕಕ್ಕೆ ಬಾರದೆ ಇನ್ನೊಬ್ಬನ ತಲೆಗೆ ಬೀಳುತ್ತದೆ. ಶೇ. 40ರ ತೆರಿಗೆ ದೆಹಲಿಗೂ ಬೆಂಗಳೂರಿಗೂ ಹೋಗುತ್ತದೆ. ಮಟ್ಟುವಿನ ದಂಡೆಗೆ ಒಂದು ಬುಟ್ಟಿ ಮಣ್ಣೂ ಅದರಿಂದ ಬೀಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಯಂತ್ರಚಾಲಿತ ದೋಣಿಯ ತಪಾಸಣೆ, ನೋಂದಣಿ, ಚಾಲಕನ ಅರ್ಹತೆ, ವಿಮೆ ಎಲ್ಲವೂ ಅದರಲ್ಲಿವೆ. ರಾಜ್ಯದಲ್ಲಿ ಜಲಸಾರಿಗೆ ಮಂಡಳಿಯಿದೆ. ದೋಣಿ ಕಟ್ಟಲು ಧಕ್ಕೆ ಬೇಕೆಂದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಆದರೆ ಈ ಕಾಯ್ದೆಗಳ ಕಣ್ಣು ಹೆಚ್ಚಾಗಿ ದೋಣಿಯ ಮೇಲೆ, ಅದರೊಳಗೆ ಕುಳಿತವರ ಮೇಲೆ. ಅದೂ ಪೂರ್ತಿ ನೆಟ್ಟಿಲ್ಲ ಎನ್ನಲು ಉದಾಹರಣೆಗಳಿವೆ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮಗುಚಿ 22 ಜನರನ್ನು ಬಲಿ ತೆಗೆದುಕೊಂಡದ್ದು ಮೀನುಗಾರಿಕಾ ದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರದೋಣಿ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಪರೀಕ್ಷಾರ್ಥ ಓಡುತ್ತಿದ್ದ ನೌಕಾಪಡೆಯ ವೇಗದ ದೋಣಿ ಪ್ರಯಾಣಿಕರ ದೋಣಿಗೆ ಬಡಿದು 15 ಜನ ತೀರಿಹೋದರು. ಪಳಗಿದ ಕೈಗಳಿಂದಲೇ ಹಾಗಾಗುವುದಾದರೆ, ರಜೆಗೆ ಬಂದವರ ಕೈಯಲ್ಲಿ ವೇಗದ ದೋಣಿ ಕೊಡುವ ಮುನ್ನ ಯೋಚಿಸಬೇಕಾಗುತ್ತದೆ. ಎಳೆಯುವ ದೋಣಿಯಲ್ಲಿ ಚಾಲಕನ ಜೊತೆ ಹಿಂದಕ್ಕೆ ನೋಡುತ್ತ ಕೂರುವ ಇನ್ನೊಬ್ಬ ಇರಲೇಬೇಕು, ಜೀವರಕ್ಷಕ ಅಂಗಿ ಇರಬೇಕು, ಚಾಲಕ ಎಸೆಯಲ್ಪಟ್ಟರೆ ಎಂಜಿನ್ ತಾನೇ ನಿಲ್ಲುವಂತೆ ಅವನ ಮೈಗೆ ಕಟ್ಟಿದ ಹುರಿ ಇರಬೇಕು. ಇವು ಆ ಆಟದ ನಾಡುಗಳಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿಗಳು.

ಹಾಗಾದರೆ ಬೇಡವೆಂದು ಬಿಡೋಣವೇ? ನಿಷೇಧ ಎಂಬುದು ನಮ್ಮಂಥ ಅಧಿಕಾರಿಗಳಿಗೆ ಅತ್ಯಂತ ಸುಲಭದ ಷರಾ. ಸೇವೆಯಲ್ಲಿದ್ದಾಗ ನಾನೂ ಸಾಕಷ್ಟು ಸಲ ಬರೆದಿದ್ದೇನೆ. ಕರಾವಳಿಯ ಯುವಕರು ನೀರಿನಿಂದ ದೂರವಾಗುತ್ತಿದ್ದಾರೆ. ಕಡಲೂರಿನ ಎಷ್ಟೋ ಮಕ್ಕಳಿಗೆ ಈಜು ಬಾರದು. ಸಾಲಿಗ್ರಾಮದ ಬಳಿ ಪಾರಂಪಳ್ಳಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಯುತ್ತಿದೆ. ಹುಟ್ಟು ಹಾಕುವವನ ತೋಳಿಗೆ ಎಷ್ಟು ಶಕ್ತಿಯಿದೆಯೋ ಅಷ್ಟೇ ಅಲೆ. ಆ ಆಟಕ್ಕೂ ಈ ಆಟಕ್ಕೂ ಒಂದೇ ನಿಯಮ ಸಾಲದು ಎನ್ನುವುದಷ್ಟೇ ನನ್ನ ಮಾತು.

ನನಗೆ ತೋರುವುದು ಇಷ್ಟು. ಖಾಸಗಿ ಸ್ಕೀ ಬೋಟಿಗೆ ನಮ್ಮ ಅಳಿವೆಯ ಹೊಳೆಗಳಲ್ಲಿ ಮುಕ್ತ ಪ್ರವೇಶ ಕೂಡದು. ಗುಳ್ಳದ ಗದ್ದೆಗಳ ದಂಡೆಯಿಂದ ದೂರವಾದ, ಅಗಲವಾದ ಒಂದೇ ಒಂದು ಹರವನ್ನು ಗುರುತಿಸಬೇಕು. ಗುರುತಿಸುವವರು ಬೆಂಗಳೂರಿನ ಸಲಹೆಗಾರರಲ್ಲ. ಬಲೆ ಬೀಸುವವರು, ಮರುವಾಯಿಯವರು, ದಂಡೆಯ ರೈತರು ಗ್ರಾಮಸಭೆಯಲ್ಲಿ ಕುಳಿತು ಹೇಳಬೇಕು. ಸಂಪನ್ಮೂಲವನ್ನು ಬಳಸುವವರೇ ಅದರ ನಿಯಮ ಮಾಡಿಕೊಂಡಾಗ ಅದು ಬಾಳುತ್ತದೆಂದು ತೋರಿಸಿದ್ದಕ್ಕೇ ಎಲಿನಾರ್ ಆಸ್ಟ್ರಮ್ ಅವರಿಗೆ 2009ರ ನೊಬೆಲ್ ಬಂದದ್ದು. ದೋಣಿ ಒಬ್ಬನದಾಗದೆ ಸಂಘದ್ದಾಗಲಿ: ವರ್ಷಕ್ಕೆ ಹತ್ತು ಬೆಳಗು ಬಳಸುವ ಮೂವತ್ತು ಮಂದಿಗೆ ಒಂದು ದೋಣಿ ಸಾಕು, ಮೂವತ್ತು ಬೇಡ. ಚಾಲಕ ಮೀನುಗಾರ ಕುಟುಂಬದ ತರಬೇತಿ ಪಡೆದ ಯುವಕನಾಗಲಿ. ಆ ನೀರಿನ ತಳ ಅವನಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಪ್ರತಿ ಓಟಕ್ಕೂ ಶುಲ್ಕವಿರಲಿ, ಅದು ಖಜಾನೆಗೆ ಹೋಗದೆ ನೇರವಾಗಿ ದಂಡೆಯ ದುರಸ್ತಿಗೆ ಹೋಗಲಿ. ಇದರಿಂದ ಆಟ ದುಬಾರಿಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ದುಬಾರಿಯೇ ಇತ್ತು, ಬಿಲ್ಲು ಇಷ್ಟು ದಿನ ಬೇರೆಯವರ ಮನೆಗೆ ಹೋಗುತ್ತಿತ್ತು.

ಅಳಿಯನ ಮೊದಲ ಪ್ರಶ್ನೆಗೆ ಉತ್ತರ ಹುಡುಕಿ ಒಂದೆರಡು ಕಚೇರಿಗಳಿಗೂ ಹೋಗಿದ್ದೆವು. ಒಂದು ಮೇಜಿನವರು ಇನ್ನೊಂದು ಮೇಜನ್ನು ತೋರಿಸಿದರು. ನಿವೃತ್ತ ಅಧಿಕಾರಿಗೆ ಚಹಾ ಮಾತ್ರ ಎರಡೂ ಕಡೆ ಸಿಕ್ಕಿತು. ಆಮೇಲೆ ಮಟ್ಟುವಿನ ದಂಡೆಯ ಮೇಲೆ ಗುಳ್ಳ ಕೊಯ್ಯುತ್ತಿದ್ದ ಒಬ್ಬ ಹಿರಿಯರನ್ನು ಮಾತಿಗೆಳೆದೆ. ಇಂಥ ಒಂದು ದೋಣಿ ಬಂದರೆ ಹೇಗೆ ಎಂದೆ. ಅವರು ಬುಟ್ಟಿ ಕೆಳಗಿಟ್ಟು, ಎಷ್ಟು ದೊಡ್ಡದು, ಎಷ್ಟು ಹೊತ್ತು ಓಡುತ್ತದೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಹೇಳಿದರು: 'ಬರಲಿ ಮಾರಾಯ್ರೆ, ಆಡುವವರು ಆಡಲಿ. ಭರತ ಇರುವಾಗ ಮಾತ್ರ ಬೇಡ. ಮತ್ತೆ, ದಂಡೆ ಒಡೆದ ದಿವಸ ನಾವು ಯಾರ ಮನೆಬಾಗಿಲಿಗೆ ಹೋಗಬೇಕು ಅಂತ ಮೊದಲೇ ಒಂದು ಕಾಗದದಲ್ಲಿ ಬರೆದು ಕೊಡಲಿ.'

ಅಳಿಯ ರಜೆ ಮುಗಿಸಿ ವಾಪಸಾಗಿದ್ದಾನೆ. ಆ ಕಾಗದದ ಒಕ್ಕಣೆ ಹೇಗಿರಬೇಕೆಂದು ಕಳೆದ ವಾರ ಫೋನ್ ಮಾಡಿ ಕೇಳಿದ. ಬರೆಯಲು ಕುಳಿತಿದ್ದೇನೆ.